ಪತ್ರಿಕೆ ಕೈಗೆ ಬಂದ ಕೂಡಲೇ ತಲೆ ಖಾಲಿ ಆಗುತ್ತದೆ, ಪರೀಕ್ಷೆಗೆ ಇನ್ನು ಮೂರೇ ವಾರ

ಜೇವರ್ಗಿ_ಹುಡುಗಿ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ ಸೈನ್ಸ್. ಊರು ಜೇವರ್ಗಿ ತಾಲ್ಲೂಕು. ಕಲಬುರಗಿಯಲ್ಲಿ ಮೂವರು ಹುಡುಗಿಯರು ಸೇರಿ ರೂಮ್ ಮಾಡಿಕೊಂಡಿದ್ದೇವೆ.

ಹೋದ ವಾರ ಪ್ರಿಪರೇಟರಿ ಮುಗಿಯಿತು. ಫಿಜಿಕ್ಸ್ ದಿನ ಏನಾಯಿತು ಅಂದರೆ, ಪತ್ರಿಕೆ ಬಂತು, ಮೊದಲ ಪ್ರಶ್ನೆ ಓದಿದೆ. ಮತ್ತೆ ಓದಿದೆ. ಅಕ್ಷರ ಕಾಣುತ್ತಿದೆ, ತಲೆಗೆ ಹೋಗುತ್ತಿಲ್ಲ. ಎದೆ ಢವಢವ ಅನ್ನುತ್ತಿತ್ತು. ಅಂಗೈ ಎಷ್ಟು ಬೆವರಿತ್ತು ಅಂದರೆ ಉತ್ತರ ಪತ್ರಿಕೆ ಒದ್ದೆಯಾಗಿ, ಆ ಜಾಗದಲ್ಲಿ ಪೆನ್ನೇ ಹತ್ತಲಿಲ್ಲ. ಕಿರ್ಚಾಫ್ ನಿಯಮ ಹಿಂದಿನ ರಾತ್ರಿ ಮೂರು ಸಲ ಓದಿದ್ದೆ. ಒಂದು ಸಾಲೂ ನೆನಪಾಗಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ನೀರು ಕುಡಿದೆ ನೋಡಿ, ಚಿತ್ರ ಸಮೇತ ಪೂರ್ತಿ ನೆನಪಾಯಿತು. ಸಿಟ್ಟಿಗೆ ಅಳು ಬಂತು. 70ಕ್ಕೆ 23 ಬಂದಿದೆ.

ಹತ್ತನೇವರೆಗೆ ಕನ್ನಡ ಮಾಧ್ಯಮ ಓದಿದವಳು ನಾನು. ಆಗ ಚೆನ್ನಾಗಿ ಅಂಕ ಬಂದಿದ್ದಕ್ಕೆ ಊರಿನವರು ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಫೋಟೋ ಹಾಕಿ ಬ್ಯಾನರ್ ಕಟ್ಟಿದ್ದರು. ಅದು ಅರ್ಧ ಹರಿದಿದೆ, ಆದರೂ ಇನ್ನೂ ಅಲ್ಲೇ ಇದೆ. ಊರಿಗೆ ಹೋದಾಗ ಆ ಕಡೆ ನೋಡದೆ ಇಳಿಯುತ್ತೇನೆ. ಅಪ್ಪ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ಹೆಂಗ ನಡದದವ್ವಾ ಓದು?" ಅಂತಾರೆ. "ಚಲೋ ನಡದದ" ಅಂತೀನಿ. ಫೋನ್ ಇಟ್ಟ ಮೇಲೆ ಅರ್ಧ ತಾಸು ಏನೂ ಓದಲಾಗುವುದಿಲ್ಲ.

ಯಾರಿಗಾದರೂ ಹೀಗೆ ಆಗಿದೆಯಾ? ಏನು ಮಾಡಿದಿರಿ?

ಜಗತ್_ಸರ್ಕಲ್ · ಸೋಮವಾರ 10:52

ಎಲ್ಲಾ ಮನಸ್ಸಿನ ಆಟ ತಂಗಿ. ಧೈರ್ಯ ತಗೋ. ನಾವು ಪಿಯುಸಿ ಓದುವಾಗ ಟೆನ್ಶನ್ ಅನ್ನುವ ಮಾತೇ ಗೊತ್ತಿರಲಿಲ್ಲ. ಮೊಬೈಲ್ ಒಂದು ಪಕ್ಕಕ್ಕಿಡು, ತಾನೇ ಸರಿ ಆಗುತ್ತದೆ.

ಮೂರನೇ_ಸಲ · ಸೋಮವಾರ 11:15

ಅಣ್ಣಾರೆ, ಧೈರ್ಯ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ ರೀ, ತಗೋ ಅಂದ ಕೂಡಲೇ ತಗೊಳ್ಳುವುದಕ್ಕೆ.

ಅಕ್ಕಾ, ನನಗೂ ಹೀಗೇ ಆಗಿತ್ತು. ನಾನು ಯಾದಗಿರಿ ಜಿಲ್ಲೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಬರೆದೆ. ಆ ವರ್ಷ ಹಾಲ್‌ಗಳಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಶುರು ಆಗಿತ್ತು. ನಾನು ಕಾಪಿ ಹೊಡೆಯುವ ಹುಡುಗ ಅಲ್ಲ, ಆದರೂ ಗೋಡೆಯ ಮೇಲಿದ್ದ ಕ್ಯಾಮೆರಾ ನನ್ನನ್ನೇ ನೋಡುತ್ತಿದೆ ಅನಿಸಿ ಕತ್ತು ಎತ್ತುವುದಕ್ಕೂ ಹೆದರಿಕೆ. ಗಣಿತ ಹೋಯಿತು. ಅದೇ ವರ್ಷದ ಎರಡನೇ ಅವಕಾಶ, ಎಕ್ಸಾಮ್ 2 ಬರೆದೆ. ಮತ್ತೆ ಹೋಯಿತು. ಎಕ್ಸಾಮ್ 3ರಲ್ಲಿ ಪಾಸ್ ಆದೆ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದಲ್ಲ.

ಎರಡನೇ ಸಲಕ್ಕೂ ಮೂರನೇ ಸಲಕ್ಕೂ ನಾನು ಓದಿದ್ದು ಅಷ್ಟೇ. ಒಂದೇ ಒಂದು ವ್ಯತ್ಯಾಸ. ನಮ್ಮ ಕಾಕಾನ ಮಗ ಡಿಪ್ಲೊಮಾ ಓದುತ್ತಾನೆ. ಅವನು ನನ್ನನ್ನು ಊರಿನ ಶಾಲೆಯ ಕಟ್ಟೆಯ ಮೇಲೆ ಕೂರಿಸಿ ಮಾದರಿ ಪತ್ರಿಕೆ ಕೊಟ್ಟ. 38 ಪ್ರಶ್ನೆ, 80 ಅಂಕ. ಮುಂದೆ ಗಡಿಯಾರ. ನೋಟ್ಸ್ ಇಲ್ಲ, ಮಧ್ಯದಲ್ಲಿ ಏಳುವ ಹಾಗಿಲ್ಲ. ಮೊದಲನೇ ದಿನ 40 ನಿಮಿಷಕ್ಕೆ ಎದ್ದು ಹೋದೆ. ಎರಡನೇ ದಿನ ಅತ್ತೆ, ಆದರೆ ಕೂತೆ. ಐದನೇ ಪತ್ರಿಕೆ ಹೊತ್ತಿಗೆ ಕೈ ನಡುಗುವುದು ನಿಂತಿತ್ತು ಅಂತ ಹೇಳಲ್ಲ, ನಡುಗುತ್ತಿತ್ತು. ನಡುಗುವ ಕೈಯಲ್ಲೇ ಬರೆಯುವುದು ರೂಢಿ ಆಗಿತ್ತು.

ಓದುವುದನ್ನು ಸ್ವಲ್ಪ ಕಡಿಮೆ ಮಾಡಿ ಅಕ್ಕಾ. ಕೂತು ಬರೆಯಿರಿ.

ಬೀದರ್_ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:20

ಮೇಲಿನ ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು. ಪ್ರತಿ ವರ್ಷ ಇಂಥ ಹತ್ತಾರು ಮಕ್ಕಳನ್ನು ನೋಡುತ್ತೇನೆ. ಅವರಲ್ಲಿ ಹೆಚ್ಚಿನವರು ಚೆನ್ನಾಗಿ ಓದುವವರೇ.

ತಂಗಿ, "ಮೂರು ಸಲ ಓದಿದ್ದೆ" ಅಂದೆಯಲ್ಲ, ಎಡವಟ್ಟು ಇರುವುದು ಅಲ್ಲೇ. ಓದಿದ ಪುಟವನ್ನು ಮತ್ತೆ ಓದಿದರೆ ಪರಿಚಯದ ಮುಖ ನೋಡಿದ ಹಾಗೆ. "ಹಾಂ, ಇದು ಗೊತ್ತು" ಅನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಪುಟ ಎದುರಿಗೆ ಇರುವುದಿಲ್ಲ. ಮುಖ ಕಾಣದೆ ಹೆಸರು ಹೇಳಬೇಕು. ಅದು ಬೇರೆಯದೇ ಕೆಲಸ, ಅದಕ್ಕೆ ಬೇರೆ ಅಭ್ಯಾಸ ಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪಾಠ ಮುಚ್ಚಿಟ್ಟು ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದೆ. ನಮ್ಮ ಮಕ್ಕಳು ಮೋಸ ಹೋಗುವುದು ಆ ಐದು ನಿಮಿಷದಲ್ಲಿ. ಓದಿ ಮುಗಿಸಿದ ಕೂಡಲೇ ಎಲ್ಲಾ ಬರುತ್ತದೆ ಅನಿಸಿಬಿಡುತ್ತದೆ.

ಅದರ ಮೇಲೆ ಹೆದರಿಕೆ. ಹೆದರಿದಾಗ ಅಡ್ರಿನಾಲಿನ್ ಏರುತ್ತದೆ, ಎದೆ ಬಡಿಯುತ್ತದೆ, ಅಂಗೈ ಬೆವರುತ್ತದೆ. ಹೊಲದಲ್ಲಿ ಹಾವು ಕಂಡಾಗ ಓಡುವುದಕ್ಕೆ ದೇಹ ಮಾಡುವ ತಯಾರಿಯೇ ಇದು. ಓಡುವುದಕ್ಕೆ ಒಳ್ಳೆಯದು, ಡೆರಿವೇಶನ್ ಬರೆಯುವುದಕ್ಕಲ್ಲ. ಆ ಹೊತ್ತಿನಲ್ಲಿ ತಲೆಯಲ್ಲಿ ಲೆಕ್ಕ ಮಾಡುವ ಜಾಗವನ್ನೆಲ್ಲಾ "ಅಪ್ಪ ಏನಂತಾರೆ, ಊರಿನವರು ಏನಂತಾರೆ" ಅನ್ನುವುದು ಹಿಡಿದು ಕೂತಿರುತ್ತದೆ. ಗಿಡದ ಕೆಳಗೆ ಹೋದ ಕೂಡಲೇ ಜಾಗ ಖಾಲಿ ಆಯಿತು, ಕಿರ್ಚಾಫ್ ಬಂದ. ಅಂದರೆ ನಿನಗೆ ಬರುತ್ತದೆ. ಇದನ್ನು ನೆನಪಿಟ್ಟುಕೋ.

ಇನ್ನು ಇಂಗ್ಲಿಷ್ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ನಮ್ಮ ಕಡೆ ಅರ್ಧ ಹೆದರಿಕೆ ಇದರದೇ. ವಿಷಯ ಗೊತ್ತು, ವಾಕ್ಯ ಕಟ್ಟಲು ಬರುವುದಿಲ್ಲ. ಹಾಗಾಗಿ ಮಕ್ಕಳು ಉರು ಹೊಡೆಯುತ್ತಾರೆ. ಉರು ಹೊಡೆದದ್ದರಲ್ಲಿ ಒಂದು ಪದ ಮರೆತರೆ ಮುಂದಿನದೆಲ್ಲಾ ಹೋಯಿತು. ಮೊದಲು ಉತ್ತರವನ್ನು ಕನ್ನಡದಲ್ಲಿ ಯಾರಿಗಾದರೂ ಹೇಳು, ರೂಮ್‌ಮೇಟ್ ಕೇಳದಿದ್ದರೆ ಗೋಡೆಗೆ ಹೇಳು. ಹಾಳೆಯ ಮೇಲೆ ಚಿತ್ರ ಮೊದಲು, ಆಮೇಲೆ ಸೂತ್ರ, ಆಮೇಲೆ ಯಾವ ಅಕ್ಷರ ಏನು ಅಂತ, ಯೂನಿಟ್. ವಾಕ್ಯ ಕೊನೆಗೆ. ಇಷ್ಟು ಬರೆದರೆ ವಾಕ್ಯ ತಪ್ಪಿದರೂ ಮೌಲ್ಯಮಾಪನ ಮಾಡುವವರು ಹಂತಕ್ಕೆ ಅಂಕ ಕೊಡುತ್ತಾರೆ. ನಾನೂ ಮೌಲ್ಯಮಾಪನಕ್ಕೆ ಹೋಗುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ.

ಪತ್ರಿಕೆ ಕೈಗೆ ಬಂದಾಗ ಒಂದನೇ ಪ್ರಶ್ನೆಯಿಂದ ಶುರು ಮಾಡಬೇಡ. ಇಡೀ ಪತ್ರಿಕೆಯಲ್ಲಿ ಬರುವ ಒಂದು ಪ್ರಶ್ನೆ ಹುಡುಕು. ಎಲ್ಲಿದ್ದರೂ ಸರಿ, ಪೆನ್ನು ಮುಟ್ಟಿದ ಕೂಡಲೇ ಅದನ್ನು ಬರೆ. ಪೆನ್ನು ಒಂದು ಸಲ ಓಡಿದರೆ ತಲೆ ಹಿಂದೆ ಬರುತ್ತದೆ.

ಮತ್ತೆ, ಫಿಜಿಕ್ಸ್‌ನ 30 ಅಂಕ ಪ್ರಾಕ್ಟಿಕಲ್‌ನದು. ಥಿಯರಿ 70 ಮಾತ್ರ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಜಾಸ್ತಿ ಬಂದ ಅಂಕವೇ ನಿನಗೆ ಉಳಿಯುತ್ತದೆ. ಎರಡನೆಯದನ್ನು ನೆಚ್ಚಿಕೊಂಡು ಮೊದಲನೆಯದನ್ನು ಬಿಡು ಅನ್ನುತ್ತಿಲ್ಲ. ಬಾವಿಗೆ ಮೆಟ್ಟಿಲಿದೆ ಅಂತ ಗೊತ್ತಿದ್ದರೆ ಈಜು ಕಲಿಯುವುದು ಸುಲಭ ಅಲ್ವಾ?

ಜೇವರ್ಗಿ_ಹುಡುಗಿ · ಮಂಗಳವಾರ 7:05

ಸರ್, ಎರಡು ಸಲ ಓದಿದೆ ನೀವು ಬರೆದಿದ್ದನ್ನು. (ಈಗ ಮುಚ್ಚಿಟ್ಟು ಬರೆಯಬೇಕು!) ಆದರೆ ಮೂರು ತಾಸು ಸುಮ್ನೆ ಕೂತು ಬರೆಯುವುದಕ್ಕೆ ಜಾಗ ಎಲ್ಲಿ? ರೂಮ್‌ನಲ್ಲಿ ಒಬ್ಬಳು ಜೋರಾಗಿ ಓದುತ್ತಾಳೆ, ಇನ್ನೊಬ್ಬಳು ರೀಲ್ಸ್ ನೋಡುತ್ತಾಳೆ.

ಕೋಟೆ_ಬಾಗಿಲು · ಮಂಗಳವಾರ 8:30

ಬೆಳಿಗ್ಗೆ ಪಬ್ಲಿಕ್ ಗಾರ್ಡನ್‌ಗೆ ಹೋಗಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಗಿಡದ ಕೆಳಗೆ ಕೂತಿರುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ಗಂಟೆ ಮೇಲೆ ಬಿಸಿಲು, ಕೂರಲಾಗುವುದಿಲ್ಲ. ಇಲ್ಲವಾದರೆ ಕಾಲೇಜಿನಲ್ಲಿ ಖಾಲಿ ಕ್ಲಾಸ್ ಕೇಳಿ. ಕೇಳಿದರೆ ಕೊಡುತ್ತಾರೆ, ನಾವು ಕೇಳುವುದಿಲ್ಲ ಅಷ್ಟೇ. ಕ್ಲಾಸ್ ಸಿಕ್ಕರೆ ಆದಷ್ಟು ಹತ್ತು ಗಂಟೆಗೇ ಶುರು ಮಾಡಿ, ನಿಜವಾದ ಪರೀಕ್ಷೆಯ ಹೊತ್ತಿಗೆ.

ಗದ್ದಲಕ್ಕೂ ಹೆದರಬೇಡಿ. ನನ್ನ ರೂಮ್ ಅಪ್ಪನ ಗುಡಿ, ಅಂದರೆ ಶರಣಬಸವೇಶ್ವರ ಗುಡಿ ಹತ್ತಿರ ಇತ್ತು. ಶರಣಬಸವೇಶ್ವರ ಜಾತ್ರೆಯ ತೇರು ಹೋಳಿ ಆಗಿ ಐದನೇ ದಿನಕ್ಕೆ, ಅಂದರೆ ಬಹಳ ಸಲ ಪರೀಕ್ಷೆಯ ಮಗ್ಗುಲಲ್ಲೇ. ಹೊರಗೆ ತೊಟ್ಟಿಲು, ಪೀಪಿ, ಭಜ್ಜಿ ವಾಸನೆ, ಒಳಗೆ ನಾನು ಮತ್ತು ಆರ್ಗ್ಯಾನಿಕ್ ಕೆಮಿಸ್ಟ್ರಿ. ಆ ಗದ್ದಲದಲ್ಲೇ ಒಂದು ಪತ್ರಿಕೆ ಬರೆದು ಮುಗಿಸಿದೆ. ಆಮೇಲೆ ಪರೀಕ್ಷೆ ಹಾಲ್ ಗುಡಿಯ ಗರ್ಭಗುಡಿ ತರ ಶಾಂತ ಅನಿಸಿತು.

ನರ್ಸ್_ಅಕ್ಕ_ಸೇಡಂ · ಮಂಗಳವಾರ ಮಧ್ಯಾಹ್ನ 2:10

ತಂಗಿ, ಓದಿನ ವಿಷಯ ಮೇಷ್ಟ್ರು ಹೇಳಿದ್ದಾರೆ. ನಾನು ದೇಹದ ವಿಷಯ ಹೇಳುತ್ತೇನೆ, ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸು.

ಎದೆ ಬಡಿಯಲು ಶುರುವಾದಾಗ "ದೀರ್ಘ ಉಸಿರು ತಗೋ" ಅಂತ ಎಲ್ಲರೂ ಹೇಳುತ್ತಾರೆ. ಜೋರಾಗಿ ಒಳಗೆ ಎಳೆದುಕೊಂಡರೆ ತಲೆ ತಿರುಗುತ್ತದೆ ಅಷ್ಟೇ. ಕೆಲಸ ಮಾಡುವುದು ಹೊರಗೆ ಬಿಡುವ ಉಸಿರು. ನಾಲ್ಕು ಎಣಿಸುತ್ತಾ ಮೂಗಿನಿಂದ ತಗೋ. ಆರು ಎಣಿಸುತ್ತಾ ಬಿಡು, ಬಿಸಿ ಚಹಾ ಆರಿಸುವ ಹಾಗೆ ಮೆಲ್ಲಗೆ. ಉಸಿರು ಬಿಡುವಾಗ ಎದೆ ಬಡಿತ ತಾನೇ ಸ್ವಲ್ಪ ಇಳಿಯುತ್ತದೆ, ದೇಹದ ಕಟ್ಟೋಣವೇ ಹಾಗೆ. ಎರಡು ನಿಮಿಷ ಸಾಕು. ಆದರೆ ಇದನ್ನು ಪರೀಕ್ಷೆ ದಿನ ಮೊದಲ ಸಲ ಮಾಡಬೇಡ. ಈಗಿಂದಲೇ ರಾತ್ರಿ ಮಲಗುವ ಮುಂಚೆ ಮಾಡು. ಮತ್ತೆ ಕೈ ಕೆಳಗೆ ಕರ್ಚೀಫ್ ಮಡಚಿ ಇಟ್ಟುಕೊಂಡು ಬರೆ. ಹಾಳೆ ಒದ್ದೆ ಆಗುವುದಿಲ್ಲ, ಅರ್ಧ ಗಾಬರಿ ಅಲ್ಲೇ ಹೋಗುತ್ತದೆ.

ರಾತ್ರಿ ಎರಡರವರೆಗೆ ಓದುತ್ತೀಯಾ? ಬಿಡು. ಓದಿದ್ದು ಗಟ್ಟಿ ಆಗುವುದು ನಿದ್ದೆಯಲ್ಲಿ. ಚಹಾ ಕಾಫಿ ಸಂಜೆ ಐದರ ಮೇಲೆ ಬೇಡ, ಕುಡಿದ ಕೆಫೀನ್‌ನ ಅರ್ಧ ಐದಾರು ತಾಸು ಆದರೂ ಮೈಯಲ್ಲೇ ಇರುತ್ತದೆ. ಅದೂ ಎದೆ ಬಡಿಸುತ್ತದೆ, ನೀನು ಹೆದರಿಕೆ ಅಂದುಕೊಳ್ಳುತ್ತೀ. ನೆನಪಿನ ಶಕ್ತಿಯ ಮಾತ್ರೆ, ನಿದ್ದೆ ಬರದ ಮಾತ್ರೆ ಅಂತ ಯಾರಾದರೂ ಕೊಟ್ಟರೆ ಮುಟ್ಟಬೇಡ. ಮುಟ್ಟು ಮುಂದೆ ಹಾಕುವ ಮಾತ್ರೆಯನ್ನೂ ಗೆಳತಿ ಹೇಳಿದಳು ಅಂತ ನುಂಗಬೇಡ, ಡಾಕ್ಟರನ್ನು ಕೇಳು. ಪರೀಕ್ಷೆ ದಿನ ಖಾಲಿ ಹೊಟ್ಟೆ ಬೇಡ, ಮಿರ್ಚಿ ಭಜ್ಜಿಯೂ ಬೇಡ. ರೊಟ್ಟಿ ಬೇಳೆ, ಇಲ್ಲವೇ ಮೊಸರನ್ನ. ಮಾರ್ಚ್ ಬಿಸಿಲು ನಮ್ಮದು ಗೊತ್ತಲ್ಲ, ನೀರಿನ ಬಾಟಲಿ ಮರೆಯಬೇಡ.

ಒಂದು ಮಾತು ಗಂಭೀರವಾಗಿ. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸುಮ್ಮಸುಮ್ಮನೆ ಅಳು, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದೆ ಅಂದರೆ ಅದು ಬರೀ ಪರೀಕ್ಷೆ ಭಯ ಅಲ್ಲ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಎದುರಿಗೆ ಕೂತು ಮಾತಾಡಬೇಕು ಅಂದರೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಈ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಎಲ್ಲಾ ಕಡೆ ಮನೋವೈದ್ಯರಿದ್ದಾರೆ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಹುಚ್ಚರ ಡಾಕ್ಟರ್ ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸು.

ಸುರಪುರದ_ತಾಯಿ · ಮಂಗಳವಾರ ರಾತ್ರಿ 9:15

ಮಗ ಕಲಬುರಗಿಯಲ್ಲಿ ಓದುತ್ತಾನೆ. ಇದೆಲ್ಲಾ ಓದಿ ಈಗಷ್ಟೇ ಅವನಿಗೆ ಮಾಡಬೇಕು ಅಂತಿದ್ದ ಫೋನ್ ಕೆಳಗಿಟ್ಟೆ. ನಾನೂ ದಿನಾ "ಓದಿದೇನು?" ಅಂತಲೇ ಕೇಳುತ್ತೇನೆ. ಕೇಳದೆ ಇದ್ದರೆ ನಮಗೆ ತಳಮಳ. ಮತ್ತೆ ಏನು ಕೇಳಬೇಕು ಹೇಳವ್ವಾ?

ಜೇವರ್ಗಿ_ಹುಡುಗಿ · ಮಂಗಳವಾರ 9:40

ಅವ್ವಾರೆ, ಊರಿನ ಸುದ್ದಿ ಹೇಳಿ. ಎಮ್ಮೆ ಕರು ಹಾಕಿತಾ, ತೊಗರಿ ರೇಟು ಎಷ್ಟು, ಪಕ್ಕದ ಮನೆಯವರು ಯಾರ ಜೊತೆ ಜಗಳ ಮಾಡಿದರು. ನಮಗೆ ಅದೇ ಬೇಕು.

ಸುರಪುರದ_ತಾಯಿ · ಮಂಗಳವಾರ 9:43

ಪಕ್ಕದ ಮನೆಯ ಜಗಳ ಹೇಳಲು ಕೂತರೆ ಅವನ ಪರೀಕ್ಷೆಯೇ ಮುಗಿಯುತ್ತದೆ.

ಜಗತ್_ಸರ್ಕಲ್ · ಬುಧವಾರ 11:00

ಎಲ್ಲಾ ಸರಿ. ಆದರೆ ಹೀಗೆ ಮುದ್ದು ಮಾಡಿಯೇ ನಮ್ಮ ಭಾಗ ಹಿಂದೆ ಬಿದ್ದಿದ್ದು. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ಕಲಬುರಗಿ 42.43 ಶೇಕಡಾ, ರಾಜ್ಯಕ್ಕೇ ಕೊನೆ. ದಕ್ಷಿಣ ಕನ್ನಡ 91 ದಾಟಿದೆ. ಅದೇ ವರ್ಷ ಪಿಯುಸಿಯಲ್ಲಿ ಯಾದಗಿರಿ ಕೊನೆ. ದಕ್ಷಿಣ ಕನ್ನಡದ ಮಕ್ಕಳಿಗೆ ಹೆದರಿಕೆ ಇಲ್ಲವಾ?

ಮೂರನೇ_ಸಲ · ಬುಧವಾರ 11:20

ಅಣ್ಣಾರೆ, ಆ 42ರ ಹೊರಗೆ ಉಳಿದವರ ಮನೆಗೆ ಒಂದು ಸಲ ಹೋಗಿ ಬನ್ನಿ. ನನ್ನ ಪಕ್ಕದ ಬೆಂಚಿನವನ ಅಪ್ಪ ಅವ್ವ ಪುಣೆಗೆ ದುಡಿಯಲು ಹೋಗಿದ್ದರು. ಅವನು ಅಜ್ಜಿ ಜೊತೆ ಇದ್ದ, ತಮ್ಮನಿಗೆ ರೊಟ್ಟಿ ಬಡಿದಿಟ್ಟು ಶಾಲೆಗೆ ಬರುತ್ತಿದ್ದ. ನಮಗೆ ಗಣಿತಕ್ಕೆ ಅರ್ಧ ವರ್ಷ ಮೇಷ್ಟ್ರೇ ಇರಲಿಲ್ಲ. ರಿಸಲ್ಟ್ ದಿನ ಟಿವಿಯಲ್ಲಿ "ಕೊನೆಯ ಸ್ಥಾನ" ಅಂತ ನಮ್ಮ ಜಿಲ್ಲೆ ಹೆಸರು ಓಡುತ್ತಿರುತ್ತದಲ್ಲ, ಅದನ್ನು ನೋಡಿಕೊಂಡೇ ಮುಂದಿನ ವರ್ಷದವರು ಹಾಲ್‌ಗೆ ಹೋಗುವುದು. ಅದು ಹೆದರಿಕೆ ಅಲ್ಲದೆ ಮತ್ತೇನು?

ಜಗತ್_ಸರ್ಕಲ್ · ಬುಧವಾರ 12:05

ಆಯ್ತಪ್ಪಾ. ಮೇಷ್ಟ್ರಿಲ್ಲದ ವಿಷಯ ನಿಜ, ಒಪ್ಪಿದೆ.

ಬೀದರ್_ಮೇಷ್ಟ್ರು · ಬುಧವಾರ ಸಂಜೆ 6:45

ಒಂದು ಮರೆತಿದ್ದೆ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಮನಸ್ಸಿನಲ್ಲಿರುವ ಹೆದರಿಕೆಯನ್ನೆಲ್ಲಾ ಒಂದು ಹಾಳೆಯ ಮೇಲೆ ಬರೆದುಬಿಡುವುದು. 2011ರಲ್ಲಿ ರಮಿರೆಜ್ ಮತ್ತು ಬೈಲಾಕ್ ಅನ್ನುವವರ ಅಧ್ಯಯನದಲ್ಲಿ ಹೀಗೆ ಬರೆದ, ಹೆಚ್ಚು ಹೆದರುವ ಮಕ್ಕಳ ಅಂಕ ಏರಿತ್ತು. ಹಾಳೆಗೆ ಇಳಿಸಿದರೆ ತಲೆಯಲ್ಲಿ ಜಾಗ ಆಗುತ್ತದೆ ಅನ್ನುವುದು ಲೆಕ್ಕ.

ಕೋಟೆ_ಬಾಗಿಲು · ಬುಧವಾರ 7:10

ಸರ್, ನನಗೆ ಇದು ಉಲ್ಟಾ ಹೊಡೆಯಿತು. ಬರೆದಷ್ಟೂ ಹೊಸ ಹೊಸ ಹೆದರಿಕೆ ಬಂತು. ನನಗೆ ವರ್ಕ್ ಆಗಿದ್ದು ಗೇಟ್ ಹತ್ತಿರ ಯಾರ ಜೊತೆಯೂ ನಿಲ್ಲದೆ ಇದ್ದದ್ದು. "ಆ ಪಾಠ ಓದಿದಿಯಾ? ಅದು ಗ್ಯಾರಂಟಿ ಬರುತ್ತಂತೆ" ಅನ್ನುವ ಒಬ್ಬ ಎಲ್ಲಾ ಸೆಂಟರ್‌ನಲ್ಲೂ ಇರುತ್ತಾನೆ. ಅವನಿಂದ ದೂರ ಇರಿ. ಬೇಕಾದರೆ ಎರಡನ್ನೂ ಈಗಲೇ ಮಾಡಿ ನೋಡಿ, ಯಾವುದು ಒಗ್ಗುತ್ತದೋ ಅದು.

ಜೇವರ್ಗಿ_ಹುಡುಗಿ · ಹನ್ನೆರಡು ದಿನ ಬಿಟ್ಟು

ನಾಲ್ಕು ಪತ್ರಿಕೆ ಬರೆದೆ, ಕಾಲೇಜಿನ ಖಾಲಿ ಕ್ಲಾಸ್‌ನಲ್ಲಿ. ಕೇಳಿದ ಕೂಡಲೇ ಕೊಟ್ಟರು! ಮೊದಲನೆಯದು 26. ಎರಡನೆಯ ದಿನ ಕರೆಂಟ್ ಹೋಗಿ ಫ್ಯಾನ್ ನಿಂತಿತು, ಎದ್ದು ಹೋಗಬೇಕು ಅನಿಸಿತು, ಹೋಗಲಿಲ್ಲ. ನಿನ್ನೆಯದು 41. ಲೆಕ್ಚರರ್ ತಿದ್ದಿ ಕೊಟ್ಟರು, ನಾನೇ ಹಾಕಿಕೊಂಡಿದ್ದಲ್ಲ. ರೂಮ್‌ನಲ್ಲಿ ರೀಲ್ಸ್ ನೋಡುತ್ತಿದ್ದವಳೂ ಈಗ ನನ್ನ ಜೊತೆ ಬರುತ್ತಾಳೆ.

ಅಪ್ಪನಿಗೆ 23ರ ವಿಷಯ ಹೇಳಿದೆ. ಎರಡು ಹೊತ್ತು ಯೋಚನೆ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ಕಷ್ಟ ಇರ್ತದೇನವ್ವಾ ಅದು?" ಅಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಫೋನ್ ಇಟ್ಟು ಅತ್ತೆ, ಆದರೆ ಆ ದಿನ ಓದಲು ಆಯಿತು. ಈಗ ಒಂಬತ್ತಕ್ಕೆ ಫೋನ್ ಬಂದರೆ ತೊಗರಿಯ ಮಾತೇ ಜಾಸ್ತಿ.

ನರ್ಸ್_ಅಕ್ಕ_ಸೇಡಂ · ಅದೇ ದಿನ

ನಿದ್ದೆ?

ಜೇವರ್ಗಿ_ಹುಡುಗಿ · ಅದೇ ದಿನ

ಹನ್ನೊಂದಕ್ಕೆ ಅಕ್ಕಾ. ಒಂದೊಂದು ದಿನ ಹನ್ನೆರಡು. ಬೈಬೇಡಿ.

ಜೇವರ್ಗಿ_ಹುಡುಗಿ · ಫಿಜಿಕ್ಸ್ ದಿನ, ಮಧ್ಯಾಹ್ನ 2:30

ಬರೆದು ಬಂದೆ. ಪತ್ರಿಕೆ ಕೊಟ್ಟ ಕೂಡಲೇ ಎದೆ ಶುರು ಮಾಡಿತು, ಅದೇ ಢವಢವ. ಕರ್ಚೀಫ್ ಮಡಚಿ ಕೈ ಕೆಳಗೆ ಇಟ್ಟೆ. ಮೂರು ಸಲ ಉಸಿರು ಬಿಟ್ಟೆ. ಮೊದಲ ಎರಡು ಪ್ರಶ್ನೆ ಬರಲಿಲ್ಲ, ಪುಟ ತಿರುಗಿಸಿದೆ. ಮೂರನೇ ಪುಟದಲ್ಲಿ ಒಂದು ಚಿತ್ರದ ಪ್ರಶ್ನೆ ಇತ್ತು, ಸ್ಕೇಲ್ ತೆಗೆದು ಅದರಿಂದ ಶುರು ಮಾಡಿದೆ. ಎರಡು ಲೆಕ್ಕ ಬಿಟ್ಟಿದ್ದೇನೆ. ಎಷ್ಟು ಬರುತ್ತದೋ ಗೊತ್ತಿಲ್ಲ, ಆದರೆ ಅಡಿಷನಲ್ ಶೀಟ್ ತಗೊಂಡೆ!

ಬೀದರ್_ಮೇಷ್ಟ್ರು · 2:50

ಶಭಾಷ್. ಕಿರ್ಚಾಫ್ ಬಂದಿತ್ತಾ?

ಜೇವರ್ಗಿ_ಹುಡುಗಿ · 2:52

ಬರಲೇ ಇಲ್ಲ ಸರ್! ಮೂರು ವಾರ ಗೋಡೆಗೆ ಹೇಳಿದ್ದೆ. ಬಿಡಿ, ನಾಡಿದ್ದು ಮ್ಯಾಥ್ಸ್. ಊಟ ಮಾಡಿ ಒಂದು ತಾಸು ಮಲಗುತ್ತೇನೆ.